ಮೊಬೈಲ್ ಕಂಪನಿಯೇ ತಾಯ್ನಾಡು

ದಕ್ಷಿಣ ಕೊರಿಯಾದ ಆ ಹುಡುಗರ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ಅನ್ನ ಹಾಕಿದ ತಂಡ ಬಿಟ್ಟು, ದುಡ್ಡು ಜಾಸ್ತಿ ಸಿಗುತ್ತೆ ಅಂತ ಚೀನಾಕ್ಕೆ ಓಡಿಹೋದರಲ್ಲ! ಕೊರಿಯಾಕ್ಕೂ ನನಗೂ ಏನು ಸಂಬಂಧ ಅಂತ ಕೇಳಬೇಡಿ. ದೇಶಭಕ್ತಿ ಮೈಯಲ್ಲಿ ಜಾಸ್ತಿ ಆದಾಗ ಬೇರೆ ದೇಶಕ್ಕೂ ಸ್ವಲ್ಪ ಹಂಚಬೇಕಾಗುತ್ತದೆ.

ಕಥೆ ಹೇಳಿದವನು ನಮ್ಮಕ್ಕನ ಮಗ. 2014ರ ಅಕ್ಟೋಬರ್‌ನಲ್ಲಿ ಸೋಲ್‌ನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಲೀಗ್ ಆಫ್ ಲೆಜೆಂಡ್ಸ್ ಅನ್ನೋ ಕಂಪ್ಯೂಟರ್ ಆಟದ ವಿಶ್ವ ಫೈನಲ್. ಸ್ಯಾಮ್ಸಂಗ್ ವೈಟ್ ತಂಡ ಚೀನಾದ ತಂಡವನ್ನು 3-1ರಲ್ಲಿ ಬಡಿದು ಕಪ್ ಎತ್ತಿತು. ಅದಾಗಿ ಕೆಲವೇ ವಾರ. ಸ್ಯಾಮ್ಸಂಗ್‌ನ ವೈಟ್, ಬ್ಲೂ ಎರಡೂ ತಂಡಗಳ ಹತ್ತು ಹುಡುಗರೂ ಗಂಟುಮೂಟೆ ಕಟ್ಟಿ ಚೀನಾದ ದಾರಿ ಹಿಡಿದರು. ಅಯ್ಯೋ ಪಾಪಿಗಳಾ!

ಒಂದು ಸಣ್ಣ ವಿಷಯ ಆಮೇಲೆ ಗೊತ್ತಾಯಿತು. ಮುಂದಿನ ವರ್ಷದಿಂದ ಒಂದು ಕಂಪನಿಗೆ ಒಂದೇ ತಂಡ ಅಂತ ಅಲ್ಲಿ ನಿಯಮ ಬಂದಿತ್ತು. ಹತ್ತು ಜನ ಮಲಗುತ್ತಿದ್ದ ಮನೆಯಲ್ಲಿ ಇನ್ನು ಮೇಲೆ ಐದೇ ಚಾಪೆ. ಐದು ಜನ ಎದ್ದು ಹೋಗಿ, ಆದರೆ ಮನೆಯ ಋಣ ಮಾತ್ರ ಮರೀಬೇಡಿ ಅನ್ನೋ ಲೆಕ್ಕ. ಇಷ್ಟಕ್ಕೂ ಆ ಫೈನಲ್‌ನಲ್ಲಿ ಸೋತ ಚೀನಾ ತಂಡದಲ್ಲೂ ಇಬ್ಬರು ಕೊರಿಯಾದವರೇ ಇದ್ದರು. ಸೋತ ದ್ರೋಹಿಗಳಿಗೆ ಬೈಯೋಕೆ ಯಾರಿಗೆ ಪುರುಸೊತ್ತು?

ಗೆದ್ದಾಗಲೇ ಹೊಟ್ಟೆ ಉರಿಯೋದು. 2018ರ ವಿಶ್ವ ಫೈನಲ್ ಕೊರಿಯಾದ ಇಂಚಾನ್‌ನಲ್ಲೇ ನಡೆಯಿತು. ಕೊರಿಯಾದ ಒಂದು ತಂಡವೂ ಸೆಮಿಫೈನಲ್ ಮುಟ್ಟಿರಲಿಲ್ಲ. ಕಪ್ ಎತ್ತಿದ್ದು ಚೀನಾದ ಇನ್ವಿಕ್ಟಸ್ ಗೇಮಿಂಗ್. ಅದರಲ್ಲಿ ಆಡಿದ ರೂಕಿ, ದಿಶೈ ಇಬ್ಬರೂ ಕೊರಿಯಾದ ಹುಡುಗರು. ಆ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 2025ರ ಏಪ್ರಿಲ್‌ನಲ್ಲಿ ನಮ್ಮ ರಾಹುಲ್ ಡೆಲ್ಲಿ ಬಟ್ಟೆ ಹಾಕಿಕೊಂಡು ಚಿನ್ನಸ್ವಾಮಿಗೆ ಬಂದು, ಔಟಾಗದೆ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದರಲ್ಲ, ಅವತ್ತು ಚಪ್ಪಾಳೆ ತಟ್ಟೋದಾ ಬೇಡವಾ ಅಂತ ನನ್ನ ಎರಡೂ ಕೈ ಟಿವಿ ಮುಂದೆ ಗಾಳಿಯಲ್ಲೇ ನಿಂತಿದ್ದವು.

ಸರಿ, ದ್ರೋಹ ಅಂದ ಮೇಲೆ ಯಾರಿಗೆ ಅಂತ ಕಂಪ್ಲೇಂಟಿನಲ್ಲಿ ಬರೀಬೇಕಲ್ಲ. ತವರು ಎಲ್ಲಿದೆ ಅಂತ ಹುಡುಕಿಕೊಂಡು ಹೊರಟೆ.

ಸ್ಯಾಮ್ಸಂಗ್ ತಂಡ ಹೊಸ ಹುಡುಗರನ್ನು ಸೇರಿಸಿಕೊಂಡು 2017ರಲ್ಲಿ ಬೀಜಿಂಗ್‌ನಲ್ಲಿ ಮತ್ತೆ ವಿಶ್ವಕಪ್ ಗೆದ್ದಿತು. ಈ ಸಲ ಹುಡುಗರು ಓಡಿಹೋಗಲಿಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ ಸ್ಯಾಮ್ಸಂಗೇ ತಂಡವನ್ನು ಮಾರಿಬಿಟ್ಟಿತು, ಅಮೆರಿಕದ ಉದ್ಯಮಿಯೊಬ್ಬರು ಕಟ್ಟಿದ ಕಂಪನಿಗೆ. ಮುಂದಿನ ವರ್ಷ ತಂಡದ ಹೆಸರು ಜೆನ್.ಜಿ ಆಯಿತು. ಮಕ್ಕಳು ಮನೆಯಲ್ಲೇ ಇದ್ದರು, ಮನೆ ಹೊರಟುಹೋಯಿತು.

ಎಲ್ಲಿಗೂ ಹೋಗದ ಕೊರಿಯಾದ ಆಟಗಾರ ಫೇಕರ್‌ಗೆ ನನ್ನ ದೊಡ್ಡ ನಮಸ್ಕಾರ. 2013ರಿಂದ ಒಂದೇ ತಂಡ, ಆರು ವಿಶ್ವಕಪ್. ಪುಣ್ಯಾತ್ಮ ಕುರ್ಚಿ ಬಿಟ್ಟು ಕದಲಲಿಲ್ಲ. ಆದರೆ 2019ರಲ್ಲಿ ಕುರ್ಚಿಯ ಕೆಳಗಿನ ನೆಲ ಕದಲಿತು. ಕೊರಿಯಾದ ಫೋನ್ ಕಂಪನಿ ಎಸ್‌ಕೆ ಟೆಲಿಕಾಂನ ಅವರ ತಂಡಕ್ಕೆ ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ಪಾಲುದಾರ ಆಗಿ, ಹೆಸರು ಟಿ1 ಆಯಿತು.

ಇನ್ನು ಆಟ. ಅದನ್ನು ಮಾಡಿದ್ದು ಅಮೆರಿಕದ ರಯಟ್ ಕಂಪನಿ. ಆ ರಯಟ್ ಯಾರದ್ದು? ಚೀನಾದ ಟೆನ್ಸೆಂಟ್ ಕಂಪನಿಯದ್ದು, 2015ರಿಂದ ಪೂರ್ತಿ ಅವರದ್ದೇ. ಅಂದರೆ ಚೀನಾಕ್ಕೆ ಹೋದ ಹುಡುಗರು ದೇಶ ಬಿಟ್ಟಿದ್ದಲ್ಲ ಸ್ವಾಮಿ, ಬ್ರಾಂಚ್ ಆಫೀಸಿನಿಂದ ಹೆಡ್ ಆಫೀಸಿಗೆ ಟ್ರಾನ್ಸ್‌ಫರ್ ತಗೊಂಡಿದ್ದು! ಇದಕ್ಕೆ ನಾವು ಪೇಡ ಹಂಚುತ್ತೇವೆ, ಅಲ್ವಾ?

ಕೊರಿಯಾಕ್ಕೂ ಬೇಕಾದಾಗ ಇದು ಅರ್ಥವಾಗುತ್ತದೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಈ ಆಟಕ್ಕೂ ಪದಕ ಇತ್ತು. ಚಿನ್ನ ಗೆದ್ದರೆ ಹುಡುಗರಿಗೆ ಕಡ್ಡಾಯ ಮಿಲಿಟರಿ ಸೇವೆಯಿಂದ ವಿನಾಯಿತಿ. ಕೊರಿಯಾ ಆರಿಸಿದ ಆರು ಜನರಲ್ಲಿ ಕನಾವಿ, ರೂಲರ್ ಇಬ್ಬರೂ ಆಗ ಚೀನಾದ ಜೆಡಿ ಗೇಮಿಂಗ್‌ನಲ್ಲಿ ಸಂಬಳಕ್ಕಿದ್ದವರು. ಸೆಮಿಫೈನಲ್‌ನಲ್ಲಿ ಸಿಕ್ಕಿದ್ದು ಚೀನಾ. ಎದುರು ಕೂತವರಲ್ಲಿ ಅದೇ ಕ್ಲಬ್ಬಿನ ನೈಟ್ ಅನ್ನೋ ಹುಡುಗ. ಚೀನಾದ ಸಂಬಳ ತಿಂದು, ಚೀನಾದ ನೆಲದಲ್ಲೇ ಚೀನಾವನ್ನು 2-0ಯಲ್ಲಿ ಮಲಗಿಸಿದರು. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ತಾನೇ? ಇದನ್ನು ಮಾತ್ರ ಯಾರೂ ದ್ರೋಹ ಅನ್ನಲಿಲ್ಲ. ಫೈನಲ್ ಆದ ಮೇಲೆ ಕೊರಳಿಗೆ ಚಿನ್ನ ಬಿತ್ತು.

ಮೊನ್ನೆ ನಮ್ಮಕ್ಕನ ಮಗ ಮತ್ತೆ ಸುದ್ದಿ ತೆಗೆದ.

“ಮಾವ, ರೂಲರ್ ತವರಿಗೆ ವಾಪಸ್ ಬಂದಿದ್ದಾನೆ. ಜೆನ್.ಜಿಗೆ.”

“2017ರಲ್ಲಿ ಕಪ್ ಗೆದ್ದಾಗ ಅವನಿದ್ದಿದ್ದು ಸ್ಯಾಮ್ಸಂಗ್‌ನಲ್ಲಿ ಅಲ್ವೇನೋ?”

“ಆಗ ಅದು ಸ್ಯಾಮ್ಸಂಗ್. ಈಗಲ್ಲ.”

“ಮತ್ತೆ ತವರು ಹೇಗಾಯ್ತೋ?”

ಅವನು ಕೈಲಿದ್ದ ಫೋನಿನಿಂದ ತಲೆ ಎತ್ತಲಿಲ್ಲ. ಫೋನು ಮಾತ್ರ ಸ್ಯಾಮ್ಸಂಗ್.