ಮೇಂಟೆನೆನ್ಸ್ ಕಡಿಮೆ ಅಂತ ಮನೆ ಹಿಡಿಯುವ ಮುಂಚೆ

ಮೊನ್ನೆ ರಾತ್ರಿ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಕನಕಪುರ ರಸ್ತೆ ಕಡೆ ಎರಡು ಫ್ಲ್ಯಾಟ್ ನೋಡಿದ್ದಾಳೆ. ಎರಡೂ ಟೂ ಬಿಎಚ್‌ಕೆ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದರ ಮೇಂಟೆನೆನ್ಸ್, ಅಂದರೆ ಇಡೀ ಕಟ್ಟಡದ ಖರ್ಚಿಗೆ ಪ್ರತಿ ಮನೆಯವರು ಕಟ್ಟುವ ಹಣ, ತಿಂಗಳಿಗೆ 2,400 ರೂಪಾಯಿ, ಇನ್ನೊಂದರದ್ದು 5,200. "ಸುಮ್ನೆ ಯಾಕೆ ಜಾಸ್ತಿ ಕಟ್ಟೋದು, ಕಡಿಮೆ ಇರೋದನ್ನೇ ತಗೊಳ್ತೀವಿ" ಅಂದಳು. ಒಂದು ವಾರ ತಡಿ, ಅಡ್ವಾನ್ಸ್ ಕೊಡಬೇಡ ಅಂತ ಹೇಳಿ ಫೋನಿಟ್ಟೆ. ಯಾಕೆ ಹಾಗಂದೆ ಅಂತ ಅವಳಿಗೆ ಬರೆಯಲು ಕೂತರೆ ಉದ್ದವಾಯಿತು. ನಿಮ್ಮಲ್ಲೂ ಕೆಲವರಿಗೆ ಬೇಕಾಗಬಹುದು ಅಂತ ಇಲ್ಲೇ ಹಾಕುತ್ತಿದ್ದೇನೆ.

ನಾವೂ 2016ರಲ್ಲಿ ಇದೇ ಲೆಕ್ಕ ಹಾಕಿ ಹಳೆಯ ಅಪಾರ್ಟ್‌ಮೆಂಟೊಂದರಲ್ಲಿ ಮನೆ ಕೊಂಡೆವು. 48 ಮನೆ, ಎರಡು ಲಿಫ್ಟ್. ಮೇಂಟೆನೆನ್ಸ್ ತಿಂಗಳಿಗೆ ಚದರಡಿಗೆ 2 ರೂಪಾಯಿ 25 ಪೈಸೆ. ನಮ್ಮ 1,180 ಚದರಡಿಗೆ 2,655 ರೂಪಾಯಿ. "ಏಳು ವರ್ಷದಿಂದ ಒಂದು ಪೈಸೆ ಏರಿಸಿಲ್ಲ" ಅಂತ ಮನೆ ಮಾರಿದವರು ಹೆಮ್ಮೆಯಿಂದ ಹೇಳಿದ್ದರು. ನಮಗೂ ಖುಷಿಯಾಗಿತ್ತು. ಆ ಏಳು ವರ್ಷದಲ್ಲಿ ಸೆಕ್ಯುರಿಟಿಯವರ ಸಂಬಳ ಏರಿಲ್ವಾ, ಕರೆಂಟ್ ಬಿಲ್ ಏರಿಲ್ವಾ, ಹಾಗಾದ್ರೆ ದುಡ್ಡು ಎಲ್ಲಿಂದ ಬರ್ತಿದೆ ಅಂತ ಕೇಳಬೇಕಿತ್ತು. ನಾವು ಕೇಳಲಿಲ್ಲ.

ದುಡ್ಡು ಕಾರ್ಪಸ್ ಫಂಡಿನಿಂದ ಬರುತ್ತಿತ್ತು. ಕಟ್ಟಡ ಹೊಸದಿದ್ದಾಗ ಪ್ರತಿ ಮನೆಯವರೂ ಒಂದಿಷ್ಟು ಹಣ ಕೊಟ್ಟು ಬ್ಯಾಂಕಿನಲ್ಲಿ ಇಟ್ಟಿರುತ್ತಾರೆ. ಲಿಫ್ಟ್ ಬದಲಿಸಲು, ತಾರಸಿ ಸೋರಿದರೆ ಸರಿಮಾಡಿಸಲು, ಹೊರಗಿನ ಪೇಂಟಿಂಗಿಗೆ ಅಂತ ಇಡುವ ಗಂಟು ಅದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಗಂಟನ್ನು ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಬಿಚ್ಚಿ ಸಂಬಳ ಕೊಡುತ್ತಿದ್ದರು.

2019ರಲ್ಲಿ ಒಂದು ಲಿಫ್ಟ್ ನಿಂತಿತು. ಎರಡು ತಿಂಗಳಿಗೆ ಇನ್ನೊಂದೂ ನಿಂತಿತು. ನಾಲ್ಕನೇ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದರು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅವರ ಮಗ ಮುಂದೆ, ಸೆಕ್ಯುರಿಟಿಯವನು ಹಿಂದೆ ಹಿಡಿದು ಇಳಿಸುತ್ತಿದ್ದರು. ಪ್ರತಿ ತಿರುವಿನಲ್ಲೂ ಕುರ್ಚಿ ಕೆಳಗಿಟ್ಟು ಉಸಿರು ತೆಗೆದುಕೊಳ್ಳುತ್ತಿದ್ದರು. ಅಜ್ಜಿ ಕೈಚೀಲವನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. ಅದನ್ನು ಒಂದು ಸಲ ಮೆಟ್ಟಿಲಲ್ಲಿ ಎದುರಿಗೆ ನೋಡಿದ ಮೇಲೆ 2,655 ರೂಪಾಯಿ ಅಗ್ಗ ಅಂತ ನನಗೆ ಮತ್ತೆ ಯಾವತ್ತೂ ಅನ್ನಿಸಿಲ್ಲ. ಕೊನೆಗೆ ಮನೆಗೆ 38,000 ರೂಪಾಯಿ ವಿಶೇಷ ವಂತಿಗೆ ಎತ್ತಿ ಎರಡೂ ಲಿಫ್ಟ್ ಹೊಸದು ಹಾಕಿಸಿದೆವು. ದುಡ್ಡು ಕೂಡಲು ಐದು ತಿಂಗಳು ಹಿಡಿಯಿತು.

ಮುಂದಿನ ಎಜಿಎಂನಲ್ಲಿ, ಅಂದರೆ ಮನೆ ಮಾಲೀಕರ ಸಂಘದ (ಅಸೋಸಿಯೇಷನ್) ವಾರ್ಷಿಕ ಸಭೆಯಲ್ಲಿ, ಖಜಾಂಚಿ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ನಾನು ಒಪ್ಪಿಕೊಂಡೆ. ಮೊದಲ ದಿನ ಕೂತು ಹಾಕಿದ ಲೆಕ್ಕ ಇನ್ನೂ ನೆನಪಿದೆ. ಎಲ್ಲರೂ ಸರಿಯಾಗಿ ಕಟ್ಟಿದರೆ ತಿಂಗಳಿಗೆ ಸುಮಾರು 1,27,000 ಬರುತ್ತದೆ. ಎರಡು ಪಾಳಿಯಲ್ಲಿ ನಾಲ್ವರು ಸೆಕ್ಯುರಿಟಿಗೆ ಏಜೆನ್ಸಿ ಬಿಲ್ 72,000. ಕಸ ಗುಡಿಸುವ ಇಬ್ಬರಿಗೆ 28,000. ಲಿಫ್ಟಿನ ವಾರ್ಷಿಕ ನಿರ್ವಹಣೆ ಒಪ್ಪಂದಕ್ಕೆ (ಎಎಂಸಿ) 7,500. ಪಂಪು, ಲಿಫ್ಟು, ಕಾರಿಡಾರ್ ದೀಪಗಳಿಗೆ ಬೆಸ್ಕಾಂ ಬಿಲ್ 22,000. ಇಷ್ಟಕ್ಕೇ 1,29,500 ಆಯಿತು. ಜನರೇಟರ್ ಡೀಸೆಲ್, ಪ್ಲಂಬರ್, ಟ್ಯಾಂಕ್ ತೊಳೆಯುವುದು ಇನ್ನೂ ಬಂದೇ ಇಲ್ಲ. ನೀರೂ ಬಂದಿಲ್ಲ.

ಬೆಂಗಳೂರಲ್ಲಿ ಮೇಂಟೆನೆನ್ಸ್ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವುದು ನೀರು. ಮನೆಗೆ ದಿನಕ್ಕೆ 500 ಲೀಟರ್ ಅಂದರೂ 48 ಮನೆಗೆ 24,000 ಲೀಟರ್. ಕಾವೇರಿ ಸಂಪರ್ಕ ಇಲ್ಲದೆ, ಬೋರ್‌ವೆಲ್ಲೂ ಬತ್ತಿದರೆ ದಿನಕ್ಕೆ 12,000 ಲೀಟರಿನ ಎರಡು ಟ್ಯಾಂಕರ್ ಬೇಕು. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಿಲ್ಲಾಡಳಿತ ದರ ನಿಗದಿ ಮಾಡಿತಲ್ಲ, ಆಗ 5 ಕಿಲೋಮೀಟರ್ ಒಳಗೆ ಅಂಥ ಒಂದು ಟ್ಯಾಂಕರಿಗೆ 1,000 ರೂಪಾಯಿ. ಆ ದರದಲ್ಲೇ ಹಿಡಿದರೂ ತಿಂಗಳಿಗೆ 60,000. ಪ್ರತಿ ಮನೆಗೆ 1,250 ರೂಪಾಯಿ ಬರೀ ನೀರಿಗೆ. ಹಾಗಾಗಿ ಜೂನ್–ಜುಲೈನಲ್ಲಿ ಮನೆ ನೋಡಿ ಬಂದವರಿಗೆ ಹೇಳುವ ಮೇಂಟೆನೆನ್ಸ್ ಬೇರೆ, ಏಪ್ರಿಲ್‌ನಲ್ಲಿ ಕೈಗೆ ಬರುವ ಬಿಲ್ ಬೇರೆ. ಸೆಕ್ಯುರಿಟಿ ಕ್ಯಾಬಿನ್‌ನಲ್ಲಿ ಟ್ಯಾಂಕರ್ ರಿಜಿಸ್ಟರ್ ಅಂತ ಒಂದು ಉದ್ದ ಪುಸ್ತಕ ಇರುತ್ತದೆ. ಗಾಡಿ ನಂಬರ್, ಬಂದ ಹೊತ್ತು, ಸಹಿ. ಮಾರ್ಚ್, ಏಪ್ರಿಲ್ ಪುಟ ತಿರುವಿ ನೋಡಿ. ಬ್ರೋಕರ್ ಅರ್ಧ ಗಂಟೆ ಹೇಳುವುದಕ್ಕಿಂತ ಆ ಎರಡು ಪುಟ ಜಾಸ್ತಿ ಹೇಳುತ್ತವೆ.

ಚದರಡಿ ಲೆಕ್ಕದ ಬಗ್ಗೆಯೂ ಒಂದು ಮಾತು. ಬಿಲ್ ಹಾಕುವುದು ಸಾಮಾನ್ಯವಾಗಿ ಸೂಪರ್ ಬಿಲ್ಟ್-ಅಪ್ ಏರಿಯಾದ ಮೇಲೆ. ಮೆಟ್ಟಿಲು, ಕಾರಿಡಾರು, ಲಾಬಿಯ ಪಾಲೂ ಅದರಲ್ಲಿ ಸೇರಿರುತ್ತದೆ. ಮೂರು ಬೆಡ್‌ರೂಮಿನವರು "ನಮ್ಮನೇಲಿ ಇರೋದು ಇಬ್ಬರೇ, ನಾವ್ಯಾಕೆ ಜಾಸ್ತಿ ಕಟ್ಟಬೇಕು" ಅಂತಾರೆ. ಎರಡು ಬೆಡ್‌ರೂಮಿನವರು ಚದರಡಿಯೇ ಸರಿ ಅಂತಾರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ ಹೇಳುವುದು ಅವರವರ ಅವಿಭಾಜ್ಯ ಪಾಲಿಗೆ (ಜಾಗ, ಮೆಟ್ಟಿಲಿನಂಥ ಎಲ್ಲರಿಗೂ ಸೇರಿದ್ದರಲ್ಲಿ ಆ ಮನೆಗಿರುವ ಪಾಲು) ತಕ್ಕ ಹಾಗೆ ಖರ್ಚು ಹಂಚಬೇಕು ಅಂತ. ನಾನು ಲಿಫ್ಟ್ ಬಳಸಲ್ಲ, ಜಿಮ್‌ಗೆ ಹೋಗಲ್ಲ ಅಂತ ಕಟ್ಟದೆ ಇರುವ ಹಾಗೂ ಇಲ್ಲ. ಈ ಪಾಲಿನ ಲೆಕ್ಕ ನನಗೆ ಒಪ್ಪಿಗೆ. ಆದರೆ ನೀರಿಗೆ ಮಾತ್ರ ಮನೆಮನೆಗೆ ಮೀಟರ್ ಇರಲೇಬೇಕು. ನಾವು ಹಾಕಿಸಿದ ಮೇಲೆ ಬಳಕೆ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಹಳೆಯ ಮನೆ ಕೊಳ್ಳುವವರು ಅಸೋಸಿಯೇಷನ್‌ನಿಂದ ಬಾಕಿ ಇಲ್ಲ ಅನ್ನುವ ಪತ್ರ ತಪ್ಪದೆ ತೆಗೆದುಕೊಳ್ಳಿ. ಮಾರಿದವರ ಬಾಕಿ ಕೊಂಡವರ ಮೇಲೂ ಬರುತ್ತದೆ. ಹೊಸ ಮನೆಯಾದರೆ ಬಿಲ್ಡರ್ ಒಂದೆರಡು ವರ್ಷದ ಮೇಂಟೆನೆನ್ಸನ್ನು ಮುಂಗಡವಾಗಿಯೇ ಪಡೆದಿರುತ್ತಾರೆ. ಹೊಸ ಕಟ್ಟಡದಲ್ಲಿ ಏನೂ ಕೆಟ್ಟಿರುವುದಿಲ್ಲ, ಹೆಚ್ಚಿನ ಯಂತ್ರಗಳು ವಾರಂಟಿಯಲ್ಲಿರುತ್ತವೆ. ಹಾಗಾಗಿ ಆ ಮೊತ್ತ ಸಣ್ಣದು ಕಾಣುತ್ತದೆ. ಮುಂದೆ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನಡೆಸುವುದು, ಈಜುಕೊಳ, ಕ್ಲಬ್‌ಹೌಸ್ ಎಲ್ಲ ನಿಮ್ಮ ತಲೆಗೇ. 60 ಮನೆಗೊಂದು ಈಜುಕೊಳ ಇದ್ದರೆ 600 ಮನೆಗೊಂದು ಇರುವುದಕ್ಕಿಂತ ಎಷ್ಟು ಭಾರ ಅಂತ ನೀವೇ ಲೆಕ್ಕ ಹಾಕಿ. ಇನ್ನು, ಅಸೋಸಿಯೇಷನ್‌ನ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಒಂದು ಮನೆಯ ತಿಂಗಳ ಮೇಂಟೆನೆನ್ಸ್ 7,500 ದಾಟಿದರೆ ಶೇ. 18 ಜಿಎಸ್‌ಟಿಯೂ ಬೀಳುತ್ತದೆ.

ಬಾಡಿಗೆಗೆ ಹೋಗುವವರ ಕಷ್ಟ ಬೇರೆ. ನಾವು ಮೊದಲು ಬಾಡಿಗೆಗೆ ಇದ್ದಾಗ ಓನರ್ ನಮ್ಮಿಂದ ತಿಂಗಳಿಗೆ 4,500 ಮೇಂಟೆನೆನ್ಸ್ ಅಂತ ತೆಗೆದುಕೊಳ್ಳುತ್ತಿದ್ದರು. ಒಂದೂವರೆ ವರ್ಷ ಆದ ಮೇಲೆ ನೋಟಿಸ್ ಬೋರ್ಡಿನಲ್ಲಿ ನೋಡಿದೆವು, ಆ ಮನೆಗೆ ಅಸೋಸಿಯೇಷನ್ ಹಾಕುತ್ತಿದ್ದದ್ದು 3,200. ನನಗೆ ಇವತ್ತಿಗೂ ಅದು ಮೋಸ ಅಂತಲೇ ಅನ್ನಿಸುತ್ತದೆ. ಹಾಗಾಗಿ ಅಗ್ರಿಮೆಂಟಿನಲ್ಲಿ "ಮೇಂಟೆನೆನ್ಸ್ ಬಾಡಿಗೆದಾರರದ್ದು" ಅನ್ನುವ ಒಂದು ಸಾಲಿಗೆ ಸಹಿ ಹಾಕಬೇಡಿ. ಅಸೋಸಿಯೇಷನ್ ಬಿಲ್ ಪ್ರಕಾರ, ನೇರ ಅವರ ಖಾತೆಗೆ ಅಂತ ಬರೆಸಿ. ಟ್ಯಾಂಕರ್ ಖರ್ಚು, ಜನರೇಟರ್ ಯೂನಿಟ್ ಒಳಗೋ ಹೊರಗೋ ಅಂತ ಬರೆಸಿ. ಕಾರ್ಪಸ್, ಪೇಂಟಿಂಗ್, ಲಿಫ್ಟ್ ಬದಲಿಸುವ ವಂತಿಗೆ ಓನರ್‌ದೇ ಅಂತಲೂ ಸ್ಪಷ್ಟವಾಗಿರಲಿ. ಹನ್ನೊಂದು ತಿಂಗಳು ಇದ್ದು ಹೋಗುವವರು ಹದಿನೈದು ವರ್ಷ ಬಾಳುವ ಲಿಫ್ಟಿಗೆ ದುಡ್ಡು ಕೊಡುವುದು ಯಾವ ನ್ಯಾಯ?

ನಮ್ಮಲ್ಲಿ ಈಗ ಚದರಡಿಗೆ 4 ರೂಪಾಯಿ 10 ಪೈಸೆ. ಅದರಲ್ಲಿ 60 ಪೈಸೆ ನೇರ ಕಾರ್ಪಸ್‌ಗೆ ಹೋಗುತ್ತದೆ. ಏರಿಸುವ ದಿನ ಮೀಟಿಂಗಿನಲ್ಲಿ ದೊಡ್ಡ ಜಗಳವೇ ಆಯಿತು. ಆ ಅಜ್ಜಿಯ ಮಗ ಎದ್ದು ನಿಂತು "ನಾನು ಮೊದಲು ಕಟ್ತೀನಿ" ಅಂದ ಮೇಲೆ ಗಲಾಟೆ ತಣ್ಣಗಾಯಿತು.

ತಂಗಿಗೆ ಇಷ್ಟೇ ಹೇಳಿದ್ದೆ: ಎರಡೂ ಕಡೆ ಹೋಗಿ ಕಳೆದ ಮೂರು ವರ್ಷದ ಆಡಿಟ್ ಆದ ಲೆಕ್ಕ ಕೇಳು, ಕಾರ್ಪಸ್‌ನಲ್ಲಿ ಎಷ್ಟಿದೆ ಕೇಳು, ಎಷ್ಟು ಮನೆ ಬಾಕಿ ಇದೆ ಕೇಳು. 5,200ರ ಕಡೆಯವರು ಅವತ್ತು ರಾತ್ರಿಯೇ ಪಿಡಿಎಫ್ ಕಳಿಸಿದರಂತೆ. 2,400ರ ಕಡೆಯ ಸೆಕ್ರೆಟರಿ, "ಮನೆ ತಗೊಂಡ್ಮೇಲೆ ತೋರಿಸ್ತೀವಿ" ಅಂದರಂತೆ. ಈ ಭಾನುವಾರ ಬೆಳಿಗ್ಗೆ ಅವಳ ಜೊತೆ ನಾನೂ ಹೋಗುತ್ತಿದ್ದೇನೆ, ಟ್ಯಾಂಕರ್ ರಿಜಿಸ್ಟರ್ ನೋಡಲು.