ನಗರ ಓದಿದವರ ಸಂಬಳದ ಲೆಕ್ಕ

ಹೋದ ವಾರ ಒಬ್ಬ ಹುಡುಗಿ ಇನ್‌ಬಾಕ್ಸ್‌ಗೆ ಬರೆದಿದ್ದಳು. "ಅಕ್ಕ, ಅರ್ಬನ್ ಸ್ಟಡೀಸ್‌ಗೆ ಸೀಟು ಸಿಕ್ಕಿದೆ. ಓದೋಕೆ ತುಂಬಾ ಇಷ್ಟ. ಆದ್ರೆ ಇದ್ರಲ್ಲಿ ದುಡ್ಡು ಹುಟ್ಟುತ್ತಾ? ಮನೇಲಿ ಎಲ್ರೂ ಅದನ್ನೇ ಕೇಳ್ತಿದ್ದಾರೆ."

ಮನೆಯವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅರ್ಬನ್ ಸ್ಟಡೀಸ್, ಅಂದರೆ ನಗರ ಅಧ್ಯಯನ, ನಮ್ಮ ಕ್ಷೇತ್ರ. ಇಲ್ಲಿನ ಹಿರಿಯರ ಮುಂದೆ ಈ ಮಾತು ಎತ್ತಿದರೆ ಸ್ವಲ್ಪ ಮುಖ ಸಿಂಡರಿಸುತ್ತಾರೆ. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಜನ ಈಗಲೇ ನಗರದಲ್ಲಿದ್ದಾರೆ, 2050ಕ್ಕೆ ಅದು 68% ಆಗುತ್ತದೆ ಅಂತ ವಿಶ್ವಸಂಸ್ಥೆ 2018ರಲ್ಲೇ ಅಂದಾಜು ಮಾಡಿದೆ, ಕೆಲಸಕ್ಕೇನು ಬರ ಅನ್ನುತ್ತಾರೆ. ಕಾಲೇಜುಗಳೂ ಇದೇ ಅಂಕಿಯನ್ನು ಮುಂದಿಡುತ್ತವೆ. ಆದರೆ ಮಳೆ ಜಾಸ್ತಿ ಬಂತು ಅಂತ ಹವಾಮಾನ ಓದಿದವರ ಸಂಬಳ ಏರುವುದಿಲ್ಲವಲ್ಲ!

ನಾನು ಓದಿದ್ದೂ ಇದನ್ನೇ. ಮೊದಲ ಕೆಲಸ ಒಂದು ಸಾರಿಗೆ ಕನ್ಸಲ್ಟೆನ್ಸಿಯಲ್ಲಿ. ಮೂರು ವರ್ಷ ನಗರದ ಚರಿತ್ರೆ, ಸಮಾಜ, ರಾಜಕೀಯ ಎಲ್ಲ ಅರೆದು ಕುಡಿದು ಬಂದವಳಿಗೆ ಸಿಕ್ಕಿದ್ದು ಜಂಕ್ಷನ್‌ನಲ್ಲಿ ನಿಂತು ಗಾಡಿ ಎಣಿಸುವ ಕೆಲಸ. ಕೈಯಲ್ಲೊಂದು ರಟ್ಟು, ಅದಕ್ಕೆ ಸಿಕ್ಕಿಸಿದ ಹಾಳೆ. ಬಸ್ಸಿಗೊಂದು ಕಾಲಂ, ಕಾರಿಗೊಂದು, ಬೈಕಿಗೊಂದು, ಸೈಕಲ್ಲಿಗೊಂದು. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕಬೇಕು. ಎಡಕ್ಕೆ ತಿರುಗಿದ್ದು ಬೇರೆ ಹಾಳೆ, ನೇರ ಹೋಗಿದ್ದು ಬೇರೆ ಹಾಳೆ. ಹದಿನೈದು ನಿಮಿಷ ಆದ ಕೂಡಲೇ ಹೊಸ ಸಾಲು. ನಡುವೆ ಒಂದು ಲಾರಿ ಅಡ್ಡ ನಿಂತರೆ ಆಚೆ ಹೋದ ಬೈಕುಗಳ ಲೆಕ್ಕ ತಪ್ಪಿಹೋಯಿತು. ಆಫೀಸಿನಲ್ಲಿ ಈ ಹಾಳೆಗಳನ್ನು ತೆಗೆದುಕೊಂಡು ಮುಂದೆ ಎಷ್ಟು ಜನ, ಎಷ್ಟು ಗಾಡಿ ಓಡಾಡಬಹುದು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ, ಅಂದರೆ ಮಾಡೆಲ್ ಓಡಿಸುವವನೊಬ್ಬ ಇದ್ದ. ಅಂಕಿಅಂಶ ಓದಿದವನು. ನಗರದ ಬಗ್ಗೆ ಅವನಿಗೆ ನನ್ನಷ್ಟು ಗೊತ್ತಿರಲಿಲ್ಲ. ಸಂಬಳ ಮಾತ್ರ ನನ್ನ ಎರಡರಷ್ಟು.

ಆಗ ಹೊಟ್ಟೆ ಉರಿದಿದ್ದು ಸುಳ್ಳಲ್ಲ. ಅವನಿಗೆ ಅಷ್ಟು ಯಾಕೆ ಕೊಡುತ್ತಾರೆ ಅಂತ ಅರ್ಥ ಆಗಲು ಸುಮಾರು ದಿನ ಹಿಡಿಯಿತು.

ಡೇನಿಯಲ್ ಮೆಕ್‌ಫ್ಯಾಡನ್ ಅಂತ ಒಬ್ಬ ಅರ್ಥಶಾಸ್ತ್ರಜ್ಞ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಬಾರ್ಟ್ ಅನ್ನುವ ಹೊಸ ರೈಲು ಬಂತು. ಕೆಲಸಕ್ಕೆ ಹೋಗುವವರಲ್ಲಿ ಎಷ್ಟು ಮಂದಿ ಇದನ್ನು ಹತ್ತುತ್ತಾರೆ? ಅಧಿಕೃತ ಅಂದಾಜು 15%. ಜನ ಬಸ್ಸು, ಕಾರು, ರೈಲುಗಳಲ್ಲಿ ಒಂದನ್ನು ಹೇಗೆ ಆರಿಸಿಕೊಳ್ಳುತ್ತಾರೆ ಅನ್ನುವುದಕ್ಕೆ ಮೆಕ್‌ಫ್ಯಾಡನ್ ಒಂದು ಲೆಕ್ಕ ಕಟ್ಟಿದ್ದರು. ಅದರ ಪ್ರಕಾರ 6.3%. ರೈಲು ಓಡಿದ ಮೇಲೆ ನೋಡಿದರೆ 6.2%! ಈ ಬಗೆಯ ಲೆಕ್ಕಕ್ಕೇ 2000ದಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ 15%ರಂಥ ತಪ್ಪು ಅಂದಾಜು ಹಳೇ ಕಾಲದ ಎಡವಟ್ಟು ಅಂದುಕೊಳ್ಳಬೇಡಿ. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೈವ್‌ಬ್ಯೋರ್ಗ್ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳ ಯೋಜನೆಗಳನ್ನು ತಿರುವಿಹಾಕಿ 2005ರಲ್ಲಿ ಹೇಳಿದ್ದು ಇದು: ಹತ್ತು ರೈಲು ಯೋಜನೆಗಳಲ್ಲಿ ಒಂಬತ್ತರಲ್ಲಿ ಪ್ರಯಾಣಿಕರ ಅಂದಾಜು ನಿಜಕ್ಕಿಂತ ಜಾಸ್ತಿ ಇತ್ತು.

ಇಂಥ ತಪ್ಪಿಗೆ ತೆರುವ ಬೆಲೆ ದೊಡ್ಡದು. ಅದನ್ನು ಚೂರು ಕಡಿಮೆ ಮಾಡುವವನಿಗೆ ಕೊಡುವ ಸಂಬಳ ಅದರ ಮುಂದೆ ಏನೂ ಅಲ್ಲ. ನನ್ನ ಗೀಟು ಎಳೆಯುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದಿತ್ತು. ಈಗಂತೂ ಕ್ಯಾಮೆರಾ ಮಾಡುತ್ತದೆ.

ಇನ್ನೊಂದು ಉದಾಹರಣೆ ಹೇಳುತ್ತೇನೆ, ಇದು ಲೆಕ್ಕ ಅಂದರೆ ಹೆದರುವವರಿಗೆ. 1,000 ಚದರ ಮೀಟರಿನ ಒಂದು ಸೈಟು ಇದೆ ಅಂದುಕೊಳ್ಳಿ. ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಅಂಕಿಗೆ ಎಫ್‌ಎಆರ್ ಅನ್ನುತ್ತಾರೆ. ಅಲ್ಲಿ ಅದು 1.5 ಇದ್ದರೆ ಎಲ್ಲ ಮಹಡಿ ಸೇರಿ 1,500 ಚದರ ಮೀಟರ್ ಕಟ್ಟಬಹುದು. ನಿಯಮ ಬದಲಾಗಿ 3 ಆದರೆ 3,000. ಮಣ್ಣು ಅದೇ, ರಸ್ತೆ ಅದೇ, ಬೇಲಿ ಅದೇ. ಬದಲಾಗಿದ್ದು ಕಾಗದದ ಮೇಲಿನ ಒಂದು ಅಂಕಿ, ಅಷ್ಟಕ್ಕೇ ಜಾಗದ ಬೆಲೆ ಎಲ್ಲಿಗೋ ಹೋಗುತ್ತದೆ. ಕಟ್ಟಡದ ಸುತ್ತ ಖಾಲಿ ಜಾಗ (ಸೆಟ್‌ಬ್ಯಾಕ್) ಎಷ್ಟು ಬಿಡಬೇಕು, ಪಾರ್ಕಿಂಗ್ ಎಷ್ಟು ಕೊಡಬೇಕು, ಪಕ್ಕದ ರಸ್ತೆಯ ಅಗಲ ಸಾಲುತ್ತದಾ, ಇದನ್ನೆಲ್ಲ ಓದಿ ಇಲ್ಲಿ ನಿಜವಾಗಿ ಇಷ್ಟೇ ಕಟ್ಟಲು ಆಗುವುದು ಅಂತ ಹೇಳಬಲ್ಲವರು ಕಡಿಮೆ. ಬಿಲ್ಡರುಗಳು, ಸಾಲ ಕೊಡುವ ಬ್ಯಾಂಕುಗಳು ಅವರನ್ನು ಹುಡುಕಿಕೊಂಡು ಬರುತ್ತಾರೆ. ನನ್ನ ಜೊತೆ ಓದಿದವರಲ್ಲಿ ಅತಿ ಹೆಚ್ಚು ದುಡ್ಡು ಮಾಡಿದವಳು ಇದೇ ಕೆಲಸ ಹಿಡಿದಳು. ಕ್ಲಾಸಿನಲ್ಲಿ ನಿಯಮಾವಳಿ ಓದುವಾಗ ಆಕಳಿಸದೆ ಕೂತಿದ್ದವಳು ಅವಳೊಬ್ಬಳೇ.

ಈಗ ಯಾರೂ ಸರಿಯಾಗಿ ಬಿಡಿಸಿ ಹೇಳದ ವಿಷಯ. ನಗರ ಅಧ್ಯಯನ ಬೇರೆ, ನಗರ ಯೋಜನೆ ಬೇರೆ. ಮೊದಲನೆಯದು ನಗರವನ್ನು ಅರ್ಥ ಮಾಡಿಕೊಳ್ಳುವ ಓದು, ಎರಡನೆಯದು ನಗರ ಹೇಗೆ ಬೆಳೆಯಬೇಕು ಅಂತ ಯೋಜಿಸುವ ಪ್ಲಾನರ್ ಕೆಲಸ. ಯೋಜನೆ ಹಳೆಯ ವೃತ್ತಿ. ಲಿವರ್‌ಪೂಲ್ ವಿಶ್ವವಿದ್ಯಾಲಯ 1909ರಲ್ಲೇ ಅದಕ್ಕೆ ವಿಭಾಗ ತೆರೆಯಿತು, 1914ರಲ್ಲಿ ಬ್ರಿಟನ್ನಿನಲ್ಲಿ ವೃತ್ತಿಯವರ ಸಂಸ್ಥೆಯೂ ಹುಟ್ಟಿತು. ಹಲವು ದೇಶಗಳಲ್ಲಿ ಪ್ಲಾನರ್ ಹುದ್ದೆಗೆ ಇಂಥ ಸಂಸ್ಥೆ ಒಪ್ಪಿದ ಕೋರ್ಸೇ ಬೇಕು ಅನ್ನುತ್ತಾರೆ. ಅರ್ಬನ್ ಸ್ಟಡೀಸ್ ಡಿಗ್ರಿಗೆ ಎಷ್ಟೋ ಕಡೆ ಆ ಮುದ್ರೆ ಇರುವುದಿಲ್ಲ. ಆಗ ಮೇಲೆ ಇನ್ನೆರಡು ವರ್ಷ ಮಾಸ್ಟರ್ಸ್ ಮಾಡಬೇಕಾಗುತ್ತದೆ. ಅಂದರೆ ಇನ್ನೆರಡು ವರ್ಷದ ಫೀಸು, ಜೊತೆಗೆ ಆ ಎರಡು ವರ್ಷ ದುಡಿದಿದ್ದರೆ ಬರುತ್ತಿದ್ದ ಸಂಬಳ. ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೆ.

ಸಾಲ ಮಾಡಿ ಓದುವುದಾದರೆ ಇನ್ನೂ ಹುಷಾರು. 10% ಬಡ್ಡಿಗೆ 100 ತಂದು ಹತ್ತು ವರ್ಷ ತಿಂಗಳ ಕಂತು ಕಟ್ಟಿದರೆ ಕೈಯಿಂದ ಹೋಗುವುದು ಒಟ್ಟು ಸುಮಾರು 159. ಈ ಕ್ಷೇತ್ರದಲ್ಲಿ ಶುರುವಿನ ಸಂಬಳ ಸಾಧಾರಣ, ಏರುವುದು ನಿಧಾನ. ಕಂತು ಮಾತ್ರ ಮೊದಲ ತಿಂಗಳಿಂದ ಪೂರ್ತಿ. ಕಡಿಮೆ ಫೀಸಿನ ಸಾಧಾರಣ ಕಾಲೇಜಿನಲ್ಲಿ ಓದಿದವರು ದುಬಾರಿ ಕಾಲೇಜಿನ ಗೆಳೆಯರಿಗಿಂತ ಹತ್ತು ವರ್ಷದಲ್ಲಿ ಹೆಚ್ಚು ಉಳಿಸಿದ್ದನ್ನು ನಾನೇ ನೋಡಿದ್ದೇನೆ.

ಸರಕಾರಿ ಕೆಲಸ ಸಿಕ್ಕರೆ ಭದ್ರತೆ ಇದೆ, ಆದರೆ ಸಂಬಳಕ್ಕೊಂದು ಮಿತಿ ಇದೆ. ಎನ್‌ಜಿಒಗಳಲ್ಲಿ ಮನಸ್ಸಿಗೆ ಖುಷಿ, ಪ್ರಾಜೆಕ್ಟ್ ಮುಗಿದರೆ ಗುತ್ತಿಗೆಯೂ ಮುಗಿಯುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ.

ಬಾಡಿಗೆಯ ತಮಾಷೆ ಕೇಳಿ. ನಮ್ಮ ಪಾಠದಲ್ಲೇ ಇತ್ತು. ಕೆಲಸ ಇರುವ ಜಾಗಕ್ಕೆ ಹತ್ತಿರ ಆದಷ್ಟೂ ನೆಲದ ಬೆಲೆ ಏರುತ್ತದೆ ಅಂತ ಅರ್ಥಶಾಸ್ತ್ರಜ್ಞ ವಿಲಿಯಂ ಅಲಾನ್ಸೊ 1964ರಲ್ಲಿ ಮಾಡಿದ ವಾದ. ಪರೀಕ್ಷೆಗೆ ದೂರ ಹೋದಷ್ಟೂ ಬೆಲೆ ಇಳಿಯುವ ಆ ಗೆರೆಯನ್ನು ಚೆನ್ನಾಗಿ ಬಿಡಿಸಿ ಅಂಕ ತೆಗೆದುಕೊಂಡೆ. ನಗರ ಓದಿದವರಿಗೆ ಕೆಲಸ ಇರುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲೇ. ಸಂಬಳ ಬಂದ ಮೊದಲ ತಿಂಗಳು ಮನೆ ಹುಡುಕಲು ಹೊರಟಾಗ ಅದೇ ಗೆರೆಯ ಮೇಲೆ ನಡೆಯುತ್ತಿದ್ದೇನೆ ಅನ್ನಿಸಿತು. ಕೊನೆಗೆ ಮನೆ ಸಿಕ್ಕಿದ್ದು ಆಫೀಸಿನಿಂದ ಒಂದೂವರೆ ಗಂಟೆ ದೂರದಲ್ಲಿ. ಹಾಗಾಗಿ ಎರಡು ಕೆಲಸ ಹೋಲಿಸುವಾಗ ಬಾಡಿಗೆ ಕಳೆದು ಉಳಿಯುವ ಸಂಬಳ ನೋಡಿ.

ಹಾಗಾದರೆ ಇನ್‌ಬಾಕ್ಸ್‌ಗೆ ಬರೆದ ಆ ಹುಡುಗಿಗೆ ಓದಬೇಡ ಅಂದೆನಾ? ಇಲ್ಲ. ಓದು ಅಂದೆ, ಆದರೆ ಜೊತೆಗೆ ಕೈಗೊಂದು ಕಸುಬು ಇರಲಿ ಅಂದೆ. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಬಿಟ್ಟಿ ಸಿಗುತ್ತದೆ, ಇವತ್ತೇ ಹಾಕಿಕೊಳ್ಳಬಹುದು. ಜನಗಣತಿಯ ಒಂದು ಕೋಷ್ಟಕವನ್ನು ನಕ್ಷೆಗೆ ಏರಿಸಿ, ಅದರಲ್ಲಿ ಕಂಡಿದ್ದನ್ನು ಒಂದು ಪುಟದಲ್ಲಿ ಯಾರಿಗಾದರೂ ಅರ್ಥವಾಗುವ ಹಾಗೆ ಬರೆಯಲು ಬರಬೇಕು. ಈಗ ನಾನು ಕೆಲಸಕ್ಕೆ ಜನರನ್ನು ಆರಿಸುವ ಕಡೆ ಕೂತಿದ್ದೇನೆ. ಅರ್ಜಿಗಳಲ್ಲಿ ನಗರದ ಮೇಲಿನ ಪ್ರೀತಿ ಬೇಕಾದಷ್ಟು ಇರುತ್ತದೆ. ಈ ಒಂದು ಪುಟ ಲಗತ್ತಿಸಿದವರು ನೂರರಲ್ಲಿ ನಾಲ್ಕೈದು ಜನ.

ಅವಳಿಗೆ ಇನ್ನೊಂದು ಕೆಲಸವನ್ನೂ ಹೇಳಿದ್ದೆ. ಕಾಲೇಜಿನವರು ಕೊಡುವ ಸರಾಸರಿ ಸಂಬಳ ನಂಬಬೇಡ. ಒಂಬತ್ತು ಜನಕ್ಕೆ 20, ಒಬ್ಬನಿಗೆ 120 ಇದ್ದರೆ ಸರಾಸರಿ 30 ಬರುತ್ತದೆ, ಆ 30 ಯಾರ ಜೇಬಿನಲ್ಲೂ ಇಲ್ಲ. ಸಾಲಿನಲ್ಲಿ ನಡುವೆ ನಿಂತವರ ಸಂಬಳ ಎಷ್ಟು, ಐದು ವರ್ಷದ ಹಿಂದೆ ಪಾಸಾದವರು ಈಗ ಎಲ್ಲಿದ್ದಾರೆ, ಈ ಎರಡನ್ನೇ ಕೇಳು ಅಂದಿದ್ದೆ.

ಅವತ್ತೇ ಮೇಲ್ ಹಾಕಿದ್ದಾಳಂತೆ. ನಿನ್ನೆ ಮತ್ತೆ ಬರೆದಿದ್ದಳು. "ಅಕ್ಕ, ಫೀಸು ಯಾವತ್ತು ಕಟ್ತೀರಾ ಅಂತ ಕಾಲೇಜಿಂದ ಎರಡು ಸಲ ಫೋನ್ ಬಂತು. ಮೇಲ್‌ಗೆ ಉತ್ತರ ಇನ್ನೂ ಬಂದಿಲ್ಲ."