ಅಬ್ದುಲ್ ಅಂತ ಕರೆದು ಅಲ್ಲಿಗೇ ನಿಲ್ಲಿಸಬೇಡಿ

ಅಬ್ದುಲ್ ಅನ್ನೋದು ಪೂರ್ತಿ ಹೆಸರಲ್ಲ, ಅರ್ಧ ಹೆಸರು. ಅರಬಿಯಲ್ಲಿ ‘ಅಬ್ದ್’ ಅಂದರೆ ದಾಸ. ಅದಕ್ಕೆ ಅಂಟಿಕೊಂಡಿರೋ ‘ಉಲ್’ ನಿಜವಾಗಿ ಮುಂದಿನ ಪದದ ‘ಅಲ್’, ಇಂಗ್ಲಿಷಿನ ‘ದಿ’ (the) ಇದ್ದ ಹಾಗೆ. ಹಾಗಾಗಿ ಬರೀ ಅಬ್ದುಲ್ ಅಂದರೆ ‘ಇಂಥವನ ದಾಸ’ ಅಂತ ಶುರು ಮಾಡಿ, ಯಾರ ದಾಸ ಅಂತ ಹೇಳದೆ ಬಾಯಿ ಮುಚ್ಚಿಕೊಂಡ ಹಾಗೆ. ಅಬ್ದುಲ್ ಕರೀಮ್ ಅಂದರೆ ಉದಾರಿಯಾದವನ ದಾಸ. ಅಬ್ದುಲ್ ಖಾದರ್ ಅಂದರೆ ಎಲ್ಲಕ್ಕೂ ಸಮರ್ಥನಾದವನ ದಾಸ. ಕರೀಮ್, ಖಾದರ್, ರಹಮಾನ್ ಇವೆಲ್ಲ ಅಲ್ಲಾಹನ ಹೆಸರುಗಳು. ಅಂಥವು 99 ಅಂತ ಎಣಿಸುವ ಸಂಪ್ರದಾಯ ಇದೆ. ನಮ್ಮ ರಾಮದಾಸ, ಶಿವದಾಸ ಇದ್ದ ಹಾಗೇ ಇದು. ಈಗ ‘ಮೊದಲ ಹೆಸರು, ಕೊನೆಯ ಹೆಸರು’ ಅಂತ ಕೇಳುವ ಅರ್ಜಿಯಲ್ಲಿ ಅಬ್ದುಲ್ ಒಂದು ಕಡೆ, ರಹಮಾನ್ ಇನ್ನೊಂದು ಕಡೆ ಹೋಗುತ್ತದೆ. ಆಮೇಲೆ ಬರುವ ಪತ್ರದಲ್ಲಿ ‘ಮಿಸ್ಟರ್ ರಹಮಾನ್’ ಅಂತಿರುತ್ತದೆ. ರಹಮಾನ್ ಅನ್ನೋ ಹೆಸರನ್ನು ಮನುಷ್ಯನಿಗೆ ಒಂಟಿಯಾಗಿ ಬಳಸಬಾರದು ಅಂತ ಇಸ್ಲಾಮಿನ ಪಂಡಿತರು ಹೇಳುತ್ತಾ ಬಂದಿದ್ದಾರೆ. ಅರ್ಜಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು!

ಇದನ್ನು ಬರೆಯೋಕೆ ಕಾರಣ, ವಾಟ್ಸಾಪಿನಲ್ಲಿ ಓಡಾಡುವ ‘ಮುಸ್ಲಿಂ ಹೆಸರುಗಳ ಅರ್ಥ’ ಅನ್ನೋ ಪಟ್ಟಿಗಳು. ಅರಬಿ, ಪಾರಸಿ, ತುರ್ಕಿ ಮೂರನ್ನೂ ಒಂದೇ ಮೂಟೆಗೆ ತುಂಬಿ, ಮೇಲೆ ಧರ್ಮದ ಚೀಟಿ ಅಂಟಿಸಿರುತ್ತಾರೆ. ಈ ಹೆಸರುಗಳಲ್ಲಿ ಧರ್ಮ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ಭಾಷೆ, ಊರು, ಹುದ್ದೆ, ವಂಶ ಅದಕ್ಕಿಂತ ಜಾಸ್ತಿ ಇವೆ. ಅದನ್ನು ಬಿಟ್ಟು ಓದಿದರೆ ಹೆಸರೂ ತಪ್ಪಾಗುತ್ತದೆ, ಇತಿಹಾಸವೂ ತಪ್ಪಾಗುತ್ತದೆ.

ಅರಬಿಯ ಗಮ್ಮತ್ತು ಇರೋದು ಮೂರಕ್ಷರದ ಬೇರುಗಳಲ್ಲಿ. ಹ-ಮ-ದ ಅನ್ನೋ ಬೇರಿಗೆ ಹೊಗಳಿಕೆ ಅಂತ ಅರ್ಥ. ಮುಹಮ್ಮದ್, ಅಹ್ಮದ್, ಮಹಮೂದ್, ಹಮೀದ್, ಹಮೀದಾ ಎಲ್ಲ ಅದೊಂದೇ ಬೇರಿನವು. ಹ-ಸ-ನ ಅಂದರೆ ಚೆಲುವು, ಒಳಿತು. ಹಸನ್ ಚೆಲುವ, ಹುಸೇನ್ ಪುಟ್ಟ ಚೆಲುವ, ಮೊಹ್ಸಿನ್ ಒಳಿತು ಮಾಡುವವನು. ಇನ್ನು ನಿಜಾಮುದ್ದೀನ್, ನೂರುದ್ದೀನ್ ಥರದ ಹೆಸರು ನೋಡಿ. ಅಲ್ಲೂ ಒಂದು ‘ಅಲ್’ ಕೂತಿದೆ, ಕಿವಿಗೆ ಮಾತ್ರ ಬೀಳುವುದಿಲ್ಲ. ನೂರ್ (ಬೆಳಕು), ಅಲ್, ದೀನ್ (ಧರ್ಮ) ಸೇರುವಾಗ ಲಕಾರ ಹೋಗಿ ದಕಾರ ಇಮ್ಮಡಿಯಾಗುತ್ತದೆ. ಅರಬಿಯ 28 ಅಕ್ಷರಗಳಲ್ಲಿ 14ಕ್ಕೆ ಈ ಅಭ್ಯಾಸ ಇದೆ. ಅದಕ್ಕೇ ಅಬ್ದುಲ್ ಕರೀಮ್ ಸರಿ, ಆದರೆ ಅಬ್ದುಲ್ ರಹಮಾನ್ ಅಲ್ಲ, ಅಬ್ದುರ್ರಹಮಾನ್. ಸಂಧಿ ಕಲಿತ ಕನ್ನಡದವರಿಗೆ ಇದು ಕಷ್ಟವೇ ಅಲ್ಲ.

ನಾವು ಹೆಸರು ಅಂದುಕೊಂಡಿರುವ ಎಷ್ಟೋ ಮಾತು ಬಿರುದು ಅಷ್ಟೇ. 1187ರಲ್ಲಿ ಜೆರುಸಲೇಮ್ ಗೆದ್ದ ಸಲಾಹುದ್ದೀನನ ಹೆಸರು ಯೂಸುಫ್, ಅಪ್ಪನ ಹೆಸರು ಅಯ್ಯೂಬ್. ಬೈಬಲ್ ಓದಿದವರ ಬಾಯಲ್ಲಿ ಹೇಳುವುದಾದರೆ ಯೋಬನ ಮಗ ಯೋಸೇಫ! ಪ್ರವಾದಿ ಮುಹಮ್ಮದರ ನಡೆ-ನುಡಿಯ ವರದಿಗಳಾದ ಹದೀಸ್‌ಗಳನ್ನು ಎಲ್ಲರಿಗಿಂತ ಹೆಚ್ಚಾಗಿ ಹೇಳಿದ ಅಬೂ ಹುರೈರಾ ಅವರ ಹೆಸರಿನ ಅರ್ಥ ಬೆಕ್ಕಿನ ಮರಿಯ ಅಪ್ಪ. ಬೆಕ್ಕು ಅಂದರೆ ಅಷ್ಟು ಪ್ರೀತಿಯಂತೆ. ಅಬೂ ಅಂದರೆ ತಂದೆ. ಮೌಲಾನಾ ಆಜಾದರ ‘ಅಬುಲ್ ಕಲಾಂ’ ಅಂದರೆ ಮಾತಿನ ತಂದೆ, ಮಾತಿನ ಒಡೆಯ. ನಮ್ಮ ರಾಷ್ಟ್ರಪತಿಯಾಗಿದ್ದವರು ‘ಅಬ್ದುಲ್ ಕಲಾಂ’. ನಡುವೆ ಒಂದು ದಕಾರ ಬಂದು ಅಪ್ಪ ಹೋಗಿ ದಾಸ ಆಗಿಬಿಟ್ಟ. ಇಬ್ಬರ ಹೆಸರನ್ನೂ ಅದಲು ಬದಲು ಮಾಡಿ ಬರೆಯುವವರು ಇವತ್ತಿಗೂ ಇದ್ದಾರೆ. ಎಪಿಜೆಯಲ್ಲಿರುವ ‘ಜೆ’ ಅವರ ತಂದೆ ಜೈನುಲಾಬ್ದೀನ್. ಭಕ್ತರಿಗೆ ಭೂಷಣವಾದವನು ಅಂತ ಅರ್ಥ.

ಈಗ ಪಾರಸಿಗೆ, ಅಂದರೆ ಇರಾನಿನ ಭಾಷೆಗೆ ಬನ್ನಿ. ಪರ್ವೀನ್ ಅಂದರೆ ಕೃತ್ತಿಕೆ ನಕ್ಷತ್ರಗಳ ಗುಂಪು. ಶಿರೀನ್ ಅಂದರೆ ಸಿಹಿ. ಫಿರೋಜ್ ಅಂದರೆ ಗೆದ್ದವನು. ಜಹಾಂಗೀರ್ ಅಂದರೆ ಜಗತ್ತನ್ನು ಹಿಡಿದವನು. ಇದರಲ್ಲಿ ಇಸ್ಲಾಂ ಎಲ್ಲಿದೆ? ರುಸ್ತುಂ, ಜಮ್ಶೇದ್ ಇಸ್ಲಾಮಿಗಿಂತ ಹಳೆಯ ಇರಾನಿನ ಕಥೆಗಳಿಂದ ಬಂದವರು. ಇರಾನ್ ಮೂಲದ, ಜರತುಷ್ಟ್ರನ ಧರ್ಮದ ಪಾರ್ಸಿಗಳು ಈ ಹೆಸರುಗಳನ್ನು ಇಂದಿಗೂ ಇಟ್ಟುಕೊಳ್ಳುತ್ತಾರೆ. ಜೆಆರ್‌ಡಿ ಟಾಟಾ ಅವರ ‘ಜೆ’ ಜಹಾಂಗೀರ್ ತಾನೇ? ಆದರೂ ಇಂದಿರಾ ಗಾಂಧಿಯವರ ಗಂಡ ಫಿರೋಜ್ ಗಾಂಧಿ ಮುಸ್ಲಿಂ ಆಗಿದ್ದರು ಅಂತ ಹೆಸರೊಂದನ್ನೇ ಸಾಕ್ಷಿ ಮಾಡಿಕೊಂಡು ಎಷ್ಟು ಫಾರ್ವರ್ಡ್ ಬರುತ್ತವೆ! ಅವರು ಪಾರ್ಸಿ. ಅವರಪ್ಪನ ಹೆಸರೂ ಜಹಾಂಗೀರ್.

ಖಾನ್ ಕಥೆ ಇನ್ನೂ ತಮಾಷೆ. ಅದು ತುರ್ಕಿ–ಮಂಗೋಲ್ ಸೀಮೆಯ ದೊರೆಗಳ ಬಿರುದು. ಗೆಂಘಿಸ್ ಖಾನ್ ಮುಸ್ಲಿಮನಲ್ಲ, ಕುಬ್ಲಾಯಿ ಖಾನನೂ ಅಲ್ಲ. 1258ರಲ್ಲಿ ಬಾಗ್ದಾದಿಗೆ ನುಗ್ಗಿ ಪ್ರವಾದಿಯ ಉತ್ತರಾಧಿಕಾರಿ ಅನ್ನಿಸಿಕೊಂಡಿದ್ದ ಅಬ್ಬಾಸಿ ವಂಶದ ಖಲೀಫನನ್ನು ಕೊಲ್ಲಿಸಿದವನು ಹುಲಾಗು. ಅವನೂ ಖಾನ್, ಅವನೂ ಮುಸ್ಲಿಮನಲ್ಲ. ಬೇಗಂ, ಖಾನಂ ಇವೂ ಅದೇ ಕಡೆಯಿಂದ ಬಂದ ಗೌರವದ ಮಾತುಗಳು. ಮಿರ್ಜಾ ಅಂದರೆ ಅಮೀರನ, ಅಂದರೆ ದೊರೆಯ ಮಗ, ಅಷ್ಟೇ.

ಅರಬಿ ಹೆಸರು ಅಂದ ತಕ್ಷಣ ಮುಸ್ಲಿಂ ಅನ್ನೋದೂ ತಪ್ಪು. ಸದ್ದಾಂ ಕಾಲದಲ್ಲಿ ಇರಾಕಿನ ವಿದೇಶಾಂಗ ಸಚಿವರಾಗಿದ್ದ ತಾರಿಕ್ ಅಜೀಜ್ ಕ್ರೈಸ್ತರು. ಕವಿ ಖಲೀಲ್ ಜಿಬ್ರಾನ್ ಕೂಡ ಕ್ರೈಸ್ತ ಮನೆತನದವರು. ಅರಬ್ ಕ್ರೈಸ್ತರು ದೇವರನ್ನು ಕರೆಯೋದೂ ಅಲ್ಲಾಹ್ ಅಂತಲೇ. ಆ ಕಡೆ ಮುಸ್ಲಿಮರ ಇಬ್ರಾಹೀಂ, ಮೂಸಾ, ದಾವೂದ್, ಸುಲೇಮಾನ್, ಈಸಾ ಎಲ್ಲ ಬೈಬಲ್ಲಿನವರೇ. ಕುರ್‌ಆನಿನಲ್ಲಿ ಹೆಸರಿಟ್ಟು ಕರೆದಿರುವ ಹೆಣ್ಣು ಒಬ್ಬಳೇ, ಏಸುವಿನ ತಾಯಿ ಮರ್ಯಂ. 19ನೇ ಅಧ್ಯಾಯಕ್ಕೆ ಅವಳದೇ ಹೆಸರು.

ಇತಿಹಾಸದ ಮಾತುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಸುಲ್ತಾನ. ಮೊದಲು ಅದು ಮನುಷ್ಯನನ್ನು ಕರೆಯುವ ಪದವೇ ಅಲ್ಲ. ಅಧಿಕಾರ, ಪ್ರಮಾಣ ಅಂತ ಅರ್ಥ. ಕುರ್‌ಆನಿನಲ್ಲಿ ಬರೋದೂ ಆ ಅರ್ಥದಲ್ಲೇ. ಆಮೇಲೆ ಅಧಿಕಾರ ಇದ್ದವನನ್ನೇ ಸುಲ್ತಾನ ಅಂದರು. ಖಲೀಫ ಹೆಸರಿಗೆ ದೊಡ್ಡವನು, ಸುಲ್ತಾನ ಕತ್ತಿ ಹಿಡಿದವನು. ದೆಹಲಿ ಆಳುತ್ತಿದ್ದ ಇಲ್ತುತ್‌ಮಿಶ್‌ಗೆ 1229ರಲ್ಲಿ ಬಾಗ್ದಾದಿನ ಖಲೀಫ ಮನ್ನಣೆಯ ನಿಲುವಂಗಿ ಕಳಿಸಿಕೊಟ್ಟ. ಇದೇ ಪದ ದಕ್ಷಿಣಕ್ಕೆ ಬಂದಾಗ ವಿಜಯನಗರದ ರಾಜರು ಏನು ಮಾಡಿದರು ಗೊತ್ತಾ? ತಮಗೇ ಇಟ್ಟುಕೊಂಡರು. ಅವರ ಶಾಸನಗಳಲ್ಲಿ ‘ಹಿಂದೂರಾಯ ಸುರತ್ರಾಣ’ ಅನ್ನೋ ಬಿರುದು ಇದೆ. ಸುರತ್ರಾಣ ಅಂದರೆ ಸುಲ್ತಾನ. ಸಂಸ್ಕೃತದ ಕಣ್ಣಲ್ಲಿ ಓದಿದರೆ ದೇವತೆಗಳನ್ನು ಕಾಯುವವನು ಅಂತಲೂ ಆಗುತ್ತದೆ. ಎಂಥಾ ಜಾಣತನ ಅಲ್ವಾ? ಬಿರುದಿಗೆ ಧರ್ಮದ ಗೋಡೆ ಕಟ್ಟಿದ್ದು ನಾವು, ಅವರಲ್ಲ. ಹೆಣ್ಣಾದರೂ 1236ರಲ್ಲಿ ದೆಹಲಿಯ ಪಟ್ಟಕ್ಕೆ ಬಂದ ರಜಿಯಾ ಸುಲ್ತಾನ್ ಅಂತಲೇ ಕರೆಸಿಕೊಂಡಳು.

ಖಲೀಫ ಅಂದರೆ ಹಿಂದೆ ಬಂದವನು, ಉತ್ತರಾಧಿಕಾರಿ. ಪ್ರವಾದಿ ತೀರಿಕೊಂಡ 632ರಲ್ಲಿ ಅಬೂಬಕರ್ ಮೊದಲ ಖಲೀಫರಾದರು. ಆ ಪದವಿಯೇ ಖಿಲಾಫತ್. ಹಿಂದಿ ಮಾತಿನಲ್ಲಿ ‘ಖಿಲಾಫತ್’ ಅಂದರೆ ವಿರೋಧ ಅಂತ ಬಳಸಿ ಬಳಸಿ, ನಮ್ಮಲ್ಲೂ ಕೆಲವರು ಖಿಲಾಫತ್ ಚಳವಳಿ ಅಂದರೆ ಬ್ರಿಟಿಷರ ‘ಖಿಲಾಫ್’ ಚಳವಳಿ ಅಂದುಕೊಂಡಿದ್ದಾರೆ. ಅದು ತುರ್ಕಿಯ ಖಲೀಫನ ಪದವಿ ಉಳಿಸಿ ಅಂತ ಶುರುವಾದದ್ದು. ಕೊನೆಗೆ 1924ರ ಮಾರ್ಚ್ 3ರಂದು ಆ ಪದವಿಯನ್ನು ತೆಗೆದುಹಾಕಿದ್ದು ಬ್ರಿಟಿಷರಲ್ಲ, ತುರ್ಕಿಯ ಸಂಸತ್ತೇ.

ಕಾಫಿರ್, ಅಂದರೆ ಇಸ್ಲಾಂ ನಂಬದವನು ಅನ್ನೋ ಪದದ ಬಗ್ಗೆ ಒಂದೇ ಮಾತು. ಅದರ ಬೇರಿಗೆ ಮುಚ್ಚುವುದು ಅಂತ ಅರ್ಥ. ಬೀಜವನ್ನು ಮಣ್ಣಲ್ಲಿ ಮುಚ್ಚುವ ರೈತರಿಗೂ ಕುರ್‌ಆನಿನ ಒಂದು ಕಡೆ ಅದೇ ಬೇರಿನ ಪದ ಬಳಸಿದ್ದಾರೆ. ಹಾಗಂತ ಅದನ್ನು ಬೈಗುಳವಾಗಿ ಯಾರೂ ಬಳಸಿಲ್ಲ ಅಂತ ನಾನು ಹೇಳೋದಿಲ್ಲ. ಬಳಸಿದ್ದಾರೆ, ಬಳಸುತ್ತಿದ್ದಾರೆ. ಬೇರಿನ ಅರ್ಥ ತೋರಿಸಿ ಅದನ್ನು ತೊಳೆಯೋಕೆ ಆಗೋಲ್ಲ. ಜಿಹಾದ್ ಕೂಡ ಹಾಗೇ. ಶ್ರಮ, ಹೋರಾಟ ಅಂತ ಮೂಲ ಅರ್ಥ, ಅರಬ್ಬರಲ್ಲಿ ಮಕ್ಕಳಿಗೆ ಇಡುವ ಹೆಸರೂ ಹೌದು. ಯುದ್ಧ ಅನ್ನೋ ಅರ್ಥವೂ ಧರ್ಮಶಾಸ್ತ್ರದ ಪುಸ್ತಕಗಳಲ್ಲಿ ಇದೆ. ಎರಡರಲ್ಲಿ ಒಂದನ್ನು ಬಚ್ಚಿಡುವವರು ಎರಡೂ ಕಡೆ ಇದ್ದಾರೆ.

ಫತ್ವಾ ಮಾತ್ರ ಸುಮ್ನೆ ಹಾಳಾದ ಪದ. ಅದು ಆಜ್ಞೆ ಅಲ್ಲ, ಮರಣದಂಡನೆಯೂ ಅಲ್ಲ. ಯಾರೋ ಪ್ರಶ್ನೆ ಕೇಳುತ್ತಾರೆ, ಧರ್ಮಶಾಸ್ತ್ರ ಬಲ್ಲ ಮುಫ್ತಿ ಅಭಿಪ್ರಾಯ ಕೊಡುತ್ತಾನೆ. ತೀರ್ಪು ಕೊಡುವವನು ಖಾಜಿ, ಅವನು ಬೇರೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 2014ರಲ್ಲಿ ಫತ್ವಾಗೆ ಕಾನೂನಿನ ಬಲ ಇಲ್ಲ ಅಂತ ಹೇಳಿದೆ. ಇನ್ನೊಮ್ಮೆ ಟಿವಿಯಲ್ಲಿ ‘ಫತ್ವಾ ಹೊರಡಿಸಿದ್ದಾರೆ’ ಅಂತ ಕಿರುಚಿದರೆ, ಪ್ರಶ್ನೆ ಕೇಳಿದ್ದು ಯಾರು, ಉತ್ತರ ಕೊಟ್ಟ ಮುಫ್ತಿ ಯಾರು ಅಂತ ಹುಡುಕಿ ನೋಡಿ. ಬಹಳ ಸಲ ಆ ಸುದ್ದಿಯಲ್ಲಿ ಎರಡೂ ಇರುವುದಿಲ್ಲ.